ಕೈತಪ್ಪಿ ಕೊಟ್ಟ ಖಣ

ಆಫ್ರಿಕಾದಲ್ಲಿ ನನ್ನ ಹಾಡು ಕೇಳಿ ಒಂದು ಸಿಂಹ ದೀಕ್ಷಾಸ್ನಾನಕ್ಕೆ ಹೆಸರು ಕೊಟ್ಟಿತ್ತು. ಗುಡಿಯ ಮೆಟ್ಟಿಲ ಮೇಲೆ ಮುಂಗಾಲು ಮಡಚಿ ಕುಳಿತು, ಪಾದ್ರಿ ಕೇಳಿದ್ದಕ್ಕೆಲ್ಲ ತಲೆಯಾಡಿಸಿತು. ನೆರೆಯವರನ್ನು ಪ್ರೀತಿಸುವೆಯಾ ಎಂದು ಕೇಳಿದಾಗ ಮಾತ್ರ ಪಾದ್ರಿಯ ಮೀನಖಂಡವನ್ನೇ ನೋಡುತ್ತ ವಿಪರೀತ ಉತ್ಸಾಹದಿಂದ ಹೂಂಗುಟ್ಟಿತು. ಹಾಗಾಗಿ ಆ ವಿಷಯ ಅಲ್ಲಿಗೇ ನಿಂತಿತು.

ನಂಬದಿದ್ದರೆ ಬಿಡಿ. ಗುಳೇದಗುಡ್ಡದ ನಮ್ಮ ನೇಕಾರ ಓಣಿಯಲ್ಲಿ ಈ ಮಲಕಪ್ಪನನ್ನು ನಂಬುವವರು ಒಬ್ಬರೂ ಇಲ್ಲ. ಆದರೆ ನಾನು ಬಾಯಿ ತೆರೆದರೆ ಮಗ್ಗ ಬಿಟ್ಟು ಎದ್ದು ಬರದವರೂ ಇಲ್ಲ.

ನಾನು ಸಮುದ್ರ ದಾಟಿದ್ದು ಹುಗ್ಗಿಯ ಸಲುವಾಗಿ. ಅದು ಮುದುಕಿ ರಾಣಿ ಇಂಗ್ಲೆಂಡಿನಲ್ಲಿ ತೀರಿಕೊಂಡ ವರ್ಷ. ನಮ್ಮ ಸಭೆಯಲ್ಲಿ ಸುಗ್ಗಿ ಹಬ್ಬದ ಊಟ ನಡೆದಿತ್ತು. ನಮ್ಮ ಅಜ್ಜಂದಿರ ಕಾಲದಲ್ಲೇ ನಾವೆಲ್ಲ ಕ್ರೈಸ್ತರಾದವರು. ಚರ್ಚಿಗೆ ನಾವು ಗುಡಿ ಅನ್ನುತ್ತೇವೆ; ಅದರೊಳಗೆ ಒಂದೇ ಚಾಪೆ, ಒಂದೇ ಹಾಡು. ಊಟಕ್ಕೆ ಕುಳಿತಾಗ ಮಾತ್ರ ಅಜ್ಜಂದಿರು ಬಿಟ್ಟುಬಂದ ಜಾತಿಗಳು ಹಿಂಬಾಗಿಲಿನಿಂದ ಬಂದು ತಮ್ಮ ತಮ್ಮ ಪಂಗ್ತಿಯಲ್ಲಿ ಕೂತುಬಿಡುತ್ತಿದ್ದವು. ಆ ದಿನ ನಾನು ಬೇಕಂತಲೇ ಬೇರೆ ಪಂಗ್ತಿಯಲ್ಲಿ ಕುಳಿತೆ. ಸಭೆಯ ಹಿರಿಯ ಅಮಾತೆಪ್ಪ ಕಾಕಾ ಛತ್ರಿಯ ತುದಿಯಿಂದ ನನ್ನ ಭುಜ ಚುಚ್ಚಿ, ಎದ್ದು ಆಚೆ ಹೋಗು ಅಂದರು.

"ಕಾಕಾ, ಕರ್ತನ ಬಟ್ಟಲಿಗೆ ಎಲ್ಲಾರೂ ತುಟಿ ಹಚ್ಚತೀವಿ. ಹುಗ್ಗಿ ಏನ್ ಪಾಪ ಮಾಡೇತ್ರಿ?" ಎಂದೆ.

"ಒಂದ ಪರಾತದಾಗ ಉಣ್ಣೋ ಸಭಾ ಸ್ವರ್ಗದಾಗ ಐತಪಾ. ಹೋಗಿ ನೋಡ್ಕೊಂಡು ಬಾ."

"ಮೊದಲ ಭೂಮಿ ಮ್ಯಾಲ ಹುಡುಕ್ತೇನ್ರಿ. ಸಿಗಲಿಲ್ಲಂದ್ರ ಅಲ್ಲಿಗೂ ಹೋಗಿ ಬರ್ತೇನಿ."

ಆಡಿದ ಮೇಲೆ ಉಳಿದ ದಾರಿ ಒಂದೇ. ಆಫ್ರಿಕಾದಲ್ಲಿ ರೈಲು ಹಾಕುತ್ತಿದ್ದಾರೆ, ಡೇರೆ ಹೊಲಿಯುವವರು ಬೇಕಂತೆ ಎಂದು ಇಳಕಲ್ಲಿನ ಮಲೀಕಸಾಬ ಹೇಳಿದ್ದ. ಅವನ ಜೊತೆ ಹೊರಟೆ.

ಅವ್ವ ಲಗಮವ್ವ ತಗಡಿನ ಟ್ರಂಕ್ ತುಂಬಿದಳು. ಹಳೆ ಸೀರೆಯ ತುಣುಕಿನಲ್ಲಿ ಗಂಟು ಹಾಕಿದ ಏನನ್ನೋ ತಳಕ್ಕೆ ತುರುಕಿದಳು. ಅದರ ಮೇಲೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಾಡಿನ ಪುಸ್ತಕ. ಎಲ್ಲದರ ಮೇಲೆ ನಮ್ಮ ಮಗ್ಗದ ಖಣಗಳ ಕಟ್ಟು. ಖಣವೆಂದರೆ ಕುಪ್ಪಸದ ಬಟ್ಟೆ. ನಮ್ಮ ಅರ್ಧ ಊರಿನ ಹೊಟ್ಟೆ ತುಂಬುವುದು ಅದರಿಂದಲೇ. ಯಾವ ಹೆಣ್ಣುಮಗಳು ನಿನ್ನ ಗಂಗಾಳಕ್ಕೆ ಅನ್ನ ಹಾಕುತ್ತಾಳೋ ಅವಳ ಉಡಿಗೆ ಒಂದು ಖಣ ಹಾಕದೆ ಅವರ ಹೊಸ್ತಿಲು ದಾಟಬೇಡ ಎಂದು ಅವ್ವ ಆಣೆ ಮಾಡಿಸಿಕೊಂಡಳು. ಅದು ನಮ್ಮ ಕಡೆ ಅಕ್ಕ ತಂಗಿಗೂ ಸಲ್ಲುವ ಮರ್ಯಾದೆ, ಮನೆಗೆ ಬಂದ ಮುದುಕಿಗೂ ಸಲ್ಲುವ ಮರ್ಯಾದೆ.

ಹಡಗಿನಲ್ಲಿ ಎಲ್ಲರೂ ವಾಂತಿ ಮಾಡಿಕೊಂಡು ಬಿದ್ದಾಗ ಚುಕ್ಕಾಣಿ ಹಿಡಿದವನು ನಾನೇ. ಮಲೀಕಸಾಬನನ್ನು ಕೇಳಬೇಡಿ. ಅವನು ಬೇರೆ ಏನೋ ಹೇಳುತ್ತಾನೆ, ಬಕೆಟ್ಟಿನ ವಿಷಯ ತೆಗೆಯುತ್ತಾನೆ.

ಮೊಂಬಾಸಾದಲ್ಲಿ ಇಳಿದ ಮೊದಲ ಶುಕ್ರವಾರವೇ ಅವನಿಗೆ ಮಸೀದಿ ಸಿಕ್ಕಿತು. ಭಾಷೆ ಬಾರದಿದ್ದರೂ ಅಲ್ಲಿನವರ ಜೊತೆ ಭುಜಕ್ಕೆ ಭುಜ ಹಚ್ಚಿ ನಿಂತು ಬಂದಿದ್ದ. ಕೈಯಲ್ಲಿ ಖರ್ಜೂರ, ಮುಖದಲ್ಲಿ ಮನೆಗೆ ಹೋಗಿಬಂದವನ ಕಳೆ. ನನಗೆ ಹೊಟ್ಟೆ ಉರಿಯಿತು. ಭಾನುವಾರ ನಾನೂ ಹೊರಟೆ. ಕಡಲಿನ ಕವಲಿನ ಆಚೆ ದಡದಲ್ಲಿ ಕರಿಯ ಜನರ ಒಂದು ಗುಡಿ ಇದೆಯೆಂದು ತಿಳಿಯಿತು. ಗುಲಾಮರನ್ನು ಸಾಗಿಸುತ್ತಿದ್ದ ಹಡಗುಗಳಿಂದ ಬಿಡುಗಡೆಯಾದವರು, ಅವರ ಮಕ್ಕಳು ಅಲ್ಲಿ ಮನೆ ಕಟ್ಟಿಕೊಂಡಿದ್ದರು. ರೈಲು ಕೆಲಸದ ನಮ್ಮ ಕ್ಯಾಂಪಿನವರು ನಕ್ಕರು. ಅಲ್ಲಿ ಹೋಗಿ ಕೂಡುತ್ತೀಯಾ, ಅವರ ನೀರು ಕುಡಿಯುತ್ತೀಯಾ ಅಂದರು. ನೀರಷ್ಟೇ ಏಕೆ, ಸಿಕ್ಕರೆ ಹುಗ್ಗಿಯನ್ನೂ ಉಣ್ಣುತ್ತೇನೆ ಅಂದು ದೋಣಿ ಹತ್ತಿದೆ.

ಗುಡಿಯಲ್ಲಿ ಒಂದು ಪದವೂ ತಿಳಿಯಲಿಲ್ಲ. ಗಂಡಸರ ಸಾಲಿನ ತುದಿಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ಆಗ ಹಾಡು ಎದ್ದಿತು. ರಾಗ ನಮ್ಮದು. ಗುಳೇದಗುಡ್ಡದಲ್ಲಿ ಅವ್ವ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಗುನುಗುತ್ತಿದ್ದ ಅದೇ ರಾಗ. ನಾನು ಕನ್ನಡದಲ್ಲಿ ಶುರು ಮಾಡಿದೆ. ನನ್ನ ಧ್ವನಿಗೆ ಗುಡಿಯ ಹಂಚುಗಳು ಎದ್ದು ಕುಣಿದವು, ಕಡಲು ಹಿಂದಕ್ಕೆ ಸರಿದು ಮೀನುಗಳು ಒಣಗಿದವು.

ಎಡವಟ್ಟಾದದ್ದು ಕೊನೆಗೆ. ಅವರ ಭಾಷೆಯ ಹಾಡಿಗಿಂತ ನಮ್ಮ ಹಾಡಿಗೆ ಒಂದು ಚರಣ ಹೆಚ್ಚು. ಅವರೆಲ್ಲ ಮುಗಿಸಿ ಕುಳಿತರು. ನಾನು ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದೆ. ಕಣ್ಣು ತೆರೆದಾಗ ಇಡೀ ಗುಡಿ ನನ್ನ ಬಾಯಿಯನ್ನೇ ನೋಡುತ್ತಿತ್ತು. ನಿಲ್ಲಿಸಿದರೆ ಅವಮಾನ, ನಿಲ್ಲಿಸದಿದ್ದರೆ ಇನ್ನೂ ಹೆಚ್ಚಿನ ಅವಮಾನ.

ಆಗ ಹೆಂಗಸರ ಸಾಲಿನಿಂದ ಒಂದು ಧ್ವನಿ ಬಂತು. ಪದ ಗೊತ್ತಿಲ್ಲ, ಬರೀ ರಾಗ. ಬಾಯಿ ಮುಚ್ಚಿಕೊಂಡೇ ಗುನುಗುತ್ತ ಒಬ್ಬ ಹುಡುಗಿ ನನ್ನ ಆ ಒಂಟಿ ಚರಣವನ್ನು ದಡ ಮುಟ್ಟಿಸಿದಳು. ತಿರುಗಿ ನೋಡಿದೆ. ಅವಳು ನನ್ನತ್ತ ನೋಡಲಿಲ್ಲ. ತುಟಿಯ ಮೂಲೆ ಮಾತ್ರ ಒಂಚೂರು ಮೇಲಕ್ಕೆ ಹೋಗಿ, ಗುಡಿ ಎಂಬುದು ನೆನಪಾದಂತೆ ಮತ್ತೆ ಕೆಳಗಿಳಿಯಿತು.

ಅವಳೇ ತಬಿಥಾ.

ಹೊರಗೆ ಬಂದಾಗ ಅವಳ ತಾಯಿ ಲುದ್ಯಬಾಯಿ ನನ್ನನ್ನು ಅಡ್ಡಗಟ್ಟಿ ಯಾವ ಊರು ಎಂದು ಕೇಳಿದಳು. ಕೇಳಿದ್ದು ಮರಾಠಿಯಲ್ಲಿ. ಸಿಂಹ ಮಾತಾಡಿದ್ದರೂ ನಾನು ಅಷ್ಟು ಬೆಚ್ಚುತ್ತಿರಲಿಲ್ಲ. ಹಡಗಿನಿಂದ ಬಿಡಿಸಿದ ಮಕ್ಕಳನ್ನು ಮಿಷನ್ನಿನವರು ನಾಸಿಕದಲ್ಲಿಟ್ಟು ಸಾಕಿದ್ದರಂತೆ. ಅಂಥವರಲ್ಲಿ ಅವಳೂ ಒಬ್ಬಳು. ದೊಡ್ಡವಳಾದ ಮೇಲೆ ಈ ದಡಕ್ಕೆ ಬಂದು ಇಲ್ಲೇ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಮಗಳಿಗೆ ಮರಾಠಿ ಕಲಿಸಿದ್ದಳು. ಸೊಲ್ಲಾಪುರದ ವ್ಯಾಪಾರಿಗಳಿಂದ ಕಲಿತ ನನ್ನ ಹರಕು ಮರಾಠಿಗೆ ಅಲ್ಲಿಂದ ಅದೃಷ್ಟ ತೆರೆಯಿತು.

ಊಟಕ್ಕೆ ಕರೆದರು. ಅಂಗಳದಲ್ಲಿ ಒಂದು ಹಳದಿ ನಾಯಿ ಮುಂಗಾಲು ಮಡಚಿ ಮಲಗಿತ್ತು. ಚಾಪೆಯ ನಡುವೆ ದೊಡ್ಡ ತಟ್ಟೆಯಂಥ ಪರಾತ, ಅದರಲ್ಲಿ ತೆಂಗಿನ ಹಾಲಿನ ಅನ್ನ, ಮೇಲೆ ಮೀನು. ತಾಯಿ, ಮಗಳು, ಪಕ್ಕದ ಮನೆಯ ಮುದುಕ, ನಾನು. ಎಲ್ಲರಿಗೂ ಅದೇ ಒಂದು ಪರಾತ.

ಹುಡುಕಿಕೊಂಡು ಬಂದದ್ದು ಇದನ್ನೇ. ಆದರೂ ನನ್ನ ಕೈ ಗಾಳಿಯಲ್ಲೇ ನಿಂತಿತು. ಅಮಾತೆಪ್ಪ ಕಾಕಾನ ಛತ್ರಿ ಸಮುದ್ರ ದಾಟಿ ಬಂದು ಭುಜ ಚುಚ್ಚಿದ ಹಾಗೆ.

ತಬಿಥಾ ನನ್ನ ಕೈ ನೋಡಿದಳು, ಆಮೇಲೆ ಮುಖ ನೋಡಿದಳು. "ನಿಮ್ಮ ಊರಲ್ಲಿ ಊಟವನ್ನು ಕಣ್ಣಿನಿಂದ ಮಾಡುತ್ತಾರೇನು?" ಎಂದು ಮರಾಠಿಯಲ್ಲಿ ಕೇಳಿದಳು.

ಕೈ ಇಳಿಯಿತು. ಅವಳು ಬೇರೆಲ್ಲೋ ನೋಡುತ್ತ ಮೀನಿನ ಮುಳ್ಳು ತೆಗೆದು ತೆಗೆದು ತುಣುಕುಗಳನ್ನು ನನ್ನ ಕಡೆಗೆ ಸರಿಸುತ್ತಿದ್ದಳು. ಆ ದಿನ ಒಬ್ಬನೇ ಒಂದು ತಿಮಿಂಗಿಲ ತಿಂದೆ. ಹೊರಡುವಾಗ ಅವ್ವನ ಆಣೆಯಂತೆ ಲುದ್ಯಬಾಯಿಯ ಉಡಿಗೆ ಒಂದು ಖಣ ಹಾಕಿದೆ. ಅವಳು ಅದನ್ನು ಮೂಗಿಗೆ ಹಿಡಿದು ವಾಸನೆ ನೋಡುತ್ತ ತುಂಬ ಹೊತ್ತು ಕೂತಳು.

ಆಮೇಲೆ ನನಗೆ ಭಾನುವಾರಗಳು ಸಾಲದಾದವು. ತಬಿಥಾ ಹೊಲಿಗೆ ಬಲ್ಲವಳು. ನಾನು ಹೊಲಿದ ಡೇರೆಯ ತುಂಡನ್ನು ಒಮ್ಮೆ ಬೇಕಂತಲೇ ಒಯ್ದು ತೋರಿಸಿದೆ. ಎತ್ತಿ ಬೆಳಕಿಗೆ ಹಿಡಿದಳು.

"ಇದರೊಳಗೆ ಮಲಗಿದವನಿಗೆ ಆಕಾಶ ಕಾಣುತ್ತದೆ."

"ನಕ್ಷತ್ರ ನೋಡಲಿ ಅಂತಲೇ ಬಿಟ್ಟಿದ್ದೇನೆ."

ಅವಳು ಆ ಹೊಲಿಗೆಯ ಸಂದಿಗೆ ಒಂದು ಕಣ್ಣು ಹಚ್ಚಿದಳು. ಬಟ್ಟೆಯ ಆ ಕಡೆ ಇಡೀ ಹುಡುಗಿ, ಈ ಕಡೆ ಬರೀ ಒಂದು ಕಣ್ಣು. "ನಕ್ಷತ್ರ ಕಾಣಿಸುತ್ತಿಲ್ಲ, ಬರೀ ಒಬ್ಬ ಸುಳ್ಳುಗಾರ ಕಾಣಿಸುತ್ತಿದ್ದಾನೆ" ಅಂದಳು. ಆ ಕಣ್ಣು ನಗುತ್ತಿತ್ತು. ನಾನು ಸೂಜಿಯನ್ನು ಎಲ್ಲಿ ಬೀಳಿಸಿದೆನೋ ಇಂದಿಗೂ ಸಿಕ್ಕಿಲ್ಲ.

ಅಷ್ಟರಲ್ಲಿ ನಮ್ಮ ತಂಡವನ್ನು ಒಳನಾಡಿಗೆ ಕಳಿಸುವ ಹುಕುಂ ಬಂತು. ಕೊನೆಯ ಭಾನುವಾರ. ಇನ್ನು ನಾನು ಹೇಳುವುದನ್ನು ಓಣಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಮುಂಜಾನೆ ಅವಸರದಲ್ಲಿ ಟ್ರಂಕಿಗೆ ಕೈ ಹಾಕಿದೆ, ಸಿಕ್ಕ ಖಣವನ್ನು ಕಿಸೆಗೆ ಇಟ್ಟುಕೊಂಡೆ. ಆ ದಿನ ಬಡಿಸಿದವಳು ತಬಿಥಾ. ನಮ್ಮ ಪದ್ಧತಿಯಂತೆ ಬಡಿಸಿದವಳ ಉಡಿಗೆ ಖಣ ಹಾಕಿದೆ. ಅಷ್ಟೇ. ಅಷ್ಟಕ್ಕೇ ಕೇರಿಯ ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದರು. ಪಕ್ಕದ ಮನೆಯ ಮುದುಕ ಬಂದು ನನ್ನನ್ನು ಅಪ್ಪಿಕೊಂಡ. ಏನಾಯಿತೆಂದು ಕೇಳಿದರೆ, ಆ ಕೇರಿಯಲ್ಲಿ ಗಂಡಸು ಮದುವೆಯಾಗದ ಹುಡುಗಿಗೆ ಬಟ್ಟೆ ಕೊಟ್ಟರೆ ಮದುವೆಯ ಮಾತು ಆಡಿದಂತೆಯೇ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡರೆ ಒಪ್ಪಿದಂತೆ.

ತಬಿಥಾ ಇಟ್ಟುಕೊಂಡಿದ್ದಳು.

ನಾನು ಏನು ಮಾಡಲಿ? ಕೈತಪ್ಪಿ ಕೊಟ್ಟೆ, ಸಿಕ್ಕಿಬಿದ್ದೆ. ಒಳನಾಡಿಗೆ ಹೋಗುವ ಹುಕುಮಿಗೆ ಬೆನ್ನು ತೋರಿಸಿದೆ. ಲುದ್ಯಬಾಯಿಗೆ ಸಾಯುವ ಮೊದಲು ಒಮ್ಮೆ ನಾಸಿಕ ನೋಡುವ ಆಸೆ. ಮದುವೆ ಅವ್ವನ ಕಣ್ಣೆದುರಿಗೆ ನಮ್ಮ ಗುಡಿಯಲ್ಲೇ ಆಗಲಿ ಎಂದಾಯಿತು. ತಾಯಿ ಮಗಳಿಗೆ ನಾಸಿಕ ತೋರಿಸಿ, ಗುಳೇದಗುಡ್ಡ ರೋಡ್ ಸ್ಟೇಷನ್ನಿನಲ್ಲಿ ಇಳಿಸಿದಾಗ ಚಕ್ಕಡಿ ಹೊಡೆಯುವವನು ಎತ್ತು ಮರೆತು ಅವರನ್ನೇ ನೋಡುತ್ತ ನಿಂತುಬಿಟ್ಟ. ತಬಿಥಾ ಅವನಿಗೆ ಕೈಮುಗಿದಳು, ಆಮೇಲೆ ಎತ್ತುಗಳಿಗೂ ಕೈಮುಗಿದಳು. ಅವನು ನಕ್ಕುಬಿಟ್ಟ.

ಅವ್ವ ಮೊದಲ ದಿನವೇ ಅವಳನ್ನು ಮಗ್ಗದ ಕುಣಿಗೆ ಇಳಿಸಿದಳು. ತಬಿಥಾ ಲಾಳಿ ಎಸೆಯುತ್ತ ಕನ್ನಡ ಕಲಿತಳು. ರಾಗ ಬಂದಾಗ ಗುನುಗುವಳು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತು ಖಣದ ಕತೆ ಹೇಳುತ್ತಿದ್ದೆ. ದಿನಕ್ಕೆ ಒಂದಿಷ್ಟು ಬೆಳೆಸುತ್ತಿದ್ದೆ. ಕೈತಪ್ಪಿ ಕೊಟ್ಟದ್ದು ಎಂಬಲ್ಲಿಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಜಗತ್ತು ಸುತ್ತಿ ಬಂದ ಗಂಡಸು ಹೆಣ್ಣಿನ ಬಲೆಗೆ ಬಿದ್ದ ಕತೆ ಯಾರಿಗೆ ಹಿಡಿಸುವುದಿಲ್ಲ?

ಒಂದು ದಿನ ಆ ನಗೆಯ ನಡುವೆ ತಬಿಥಾ ಬಾಗಿಲಿಗೆ ಬಂದಳು. ಕೈಯಲ್ಲಿ ಲಾಳಿ.

"ಕೈತಪ್ಪಿ ಅಂದ್ರ ಏನು?" ಕನ್ನಡದಲ್ಲೇ ಕೇಳಿದಳು.

ಗಂಡಸರೆಲ್ಲ ನನ್ನತ್ತ ನೋಡಿದರು. ನಾನು ಮೀಸೆ ತಿರುವಿ, "ಕೈಯಾಗಿನ ಲಾಳಿ ಜಾರಿ ಬಿದ್ದಂಗ" ಅಂದೆ.

ಅವಳು ಲಾಳಿಯನ್ನು ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ಮಡಚಿ ಒಳಗೆ ಹೋದಳು. ಅಂದಿನಿಂದ ಮಗ್ಗದ ಕುಣಿಯಲ್ಲಿ ಗುನುಗು ಕೇಳಲಿಲ್ಲ.

ಒಳಗೆ ಹೋಗಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕಟ್ಟೆಯ ಮೇಲೆ ಇನ್ನೂ ಜನ ಇದ್ದರು.

ನಮ್ಮಲ್ಲಿ ಮದುವೆಗೆ ಮುಂಚೆ ಗುಡಿಯಲ್ಲಿ ಗಂಡು ಹೆಣ್ಣಿನ ಹೆಸರು ಕೂಗುತ್ತಾರೆ. ಯಾರಿಗಾದರೂ ಅಡ್ಡಿ ಇದ್ದರೆ ಎದ್ದು ಹೇಳಬೇಕು. ನಮ್ಮ ಸರದಿಯ ಭಾನುವಾರ ಪಾದ್ರಿ ಅಯ್ಯನವರು ಮಲಕಪ್ಪ, ತಬಿಥಾ ಎಂದು ಓದಿ ತಲೆ ಎತ್ತಿದರು. ಅಮಾತೆಪ್ಪ ಕಾಕಾ ಛತ್ರಿ ಊರಿಕೊಂಡು ಎದ್ದರು. ಕುಲ ಗೊತ್ತಿಲ್ಲದವರು, ನಮ್ಮ ಪಂಗ್ತಿಗೆ ಹೊಂದದವರು ಎಂಬ ಮಾತನ್ನು ಅವರು ಗುಡಿಯೊಳಗೆ ಆಡಲಿಲ್ಲ. ಅವರಿಗೆ ಅದರ ಅಗತ್ಯವೇ ಇರಲಿಲ್ಲ. ಹಗ್ಗವನ್ನು ನಾನೇ ಹೊಸೆದು ಕೊಟ್ಟಿದ್ದೆ.

"ಅಯ್ಯನವರ, ಮನಸಿಲ್ಲದ ಮದುವಿ ಮದುವಿ ಅಲ್ರಿ. ಈ ಹುಡುಗ ಖಣಾ ಕೊಟ್ಟದ್ದು ಕೈತಪ್ಪಿ. ನಾ ಹೇಳೂದಲ್ಲ, ಅವನ ಬಾಯಿಲೇ ಓಣಿಯೆಲ್ಲಾ ಕೇಳೇತಿ. ತಪ್ಪಿಗೆ ಆಶೀರ್ವಾದ ಯಾಕ ಮಾಡೂದು? ತಾಯಿ ಮಗಳನ್ನ ಮರ್ಯಾದಿಲೇ ಅವರ ಊರಿಗೆ ಕಳಸೂಣು."

ನಾನು ಏಳುವ ಮೊದಲೇ ತಬಿಥಾ ಎದ್ದಿದ್ದಳು. ತನ್ನ ಚೀಲದಿಂದ ಖಣ ತೆಗೆದಳು. ಮದುವೆಯ ದಿನಕ್ಕೆ ಹೊಲಿಯಬೇಕೆಂದು ಅದನ್ನು ಅರಿವೆಯಲ್ಲಿ ಸುತ್ತಿ ಇಟ್ಟಿದ್ದಳು, ಯಾರಿಗೂ ಬಿಚ್ಚಿ ತೋರಿಸಿರಲಿಲ್ಲ. ನೇರ ಬಂದು ಅವ್ವನ ಮಡಿಲಲ್ಲಿಟ್ಟಳು.

"ಅವ್ವಾ, ಇದು ನಿಮ್ಮ ಮನಿ ಬಟ್ಟಿ. ತಪ್ಪಿ ನನ್ನ ಕಡೆ ಬಂದೈತಿ. ತಪ್ಪಿ ಬಂದದ್ದು ನಾ ಇಟ್ಕೊಳ್ಳೂದಿಲ್ಲ." ಆಮೇಲೆ ಅಮಾತೆಪ್ಪ ಕಾಕಾನ ಕಡೆ ತಿರುಗಿದಳು. "ಹಿರಿಯಾರ, ನನ್ನ ಯಾರೂ ಕಳಸೂದು ಬ್ಯಾಡ. ಬಂದ ಹಾದಿ ನನಗ ಗೊತ್ತೈತಿ. ಆದರ ಬರೂ ವಾರ ಕರ್ತನ ಭೋಜನ ಐತಿ. ಆ ಬಟ್ಟಲಿಗೆ ತುಟಿ ಹಚ್ಚೇ ಹೋಗ್ತೇನಿ. ಅದು ಯಾರ ಕೈತಪ್ಪಿನೂ ನನಗ ಬಂದಿದ್ದಲ್ಲ."

ಅವ್ವ ಅರಿವೆ ಬಿಚ್ಚಿದಳು. ನೀಲಿ ಖಣ, ಕೆಂಪು ಅಂಚು. ನೇಕಾರಳಲ್ಲವೇ, ಬೆರಳು ತಾನಾಗಿಯೇ ಅಂಚಿನ ಮೇಲೆ ಓಡಿತು. ಒಂದು ಕಡೆ ನಿಂತಿತು.

"ಮಲಕಪ್ಪ, ಎದ್ದು ನಿಂದ್ರು" ಅಂದಳು. "ಈ ಅಂಚಿನಾಗ ಒಂದು ಹಳದಿ ಎಳಿ ಐತಿ. ಕಾಣಸ್ತೈತಿ?"

ಕಾಣಿಸದೆ ಏನು.

"ನಮ್ಮ ಮನ್ಯಾಗ ಸೊಸಿಗಂತ ನೇಯ್ದ ಖಣಕ್ಕ ಮಾತ್ರ ಹಳದಿ ಎಳಿ ಹಾಕ್ತೀವಿ. ನಮ್ಮತ್ತಿ ನನಗ ಹಾಕಿದ್ಲು, ನಾ ಇದಕ್ಕ ಹಾಕೀನಿ. ಕೊಡೂ ಖಣ ಎಲ್ಲಾ ಟ್ರಂಕಿನ ಮ್ಯಾಲ ಇಟ್ಟಿದ್ದೆ. ಇದನ್ನ ನನ್ನ ಹಳೀ ಸೀರಿ ತುಣುಕಿನಾಗ ಗಂಟು ಹಾಕಿ ತಳದಾಗ ಇಟ್ಟಿದ್ದೆ. ಗಂಟು ಬಿಚ್ಚದ ಇದು ಹೊರಗ ಬರೂದಿಲ್ಲ. ಕೈತಪ್ಪಿ ಗಂಟು ಬಿಚ್ಚತಾರೇನು?"

ನಾನು ಬಾಯಿ ತೆರೆದೆ. ಮೊದಲು ಬಂದದ್ದು ಸಿಂಹ. "ಅಲ್ಲೊಂದು ಸಿಂಹ..." ಅಂದೆ. ತಬಿಥಾ ನನ್ನ ಮುಖ ನೋಡಿದಳು, ಅಂದು ಡೇರೆಯ ಸಂದಿಯಿಂದ ನೋಡಿದ ಹಾಗೆ. ಕಣ್ಣು ಮಾತ್ರ ನಗುತ್ತಿರಲಿಲ್ಲ. ಸಿಂಹ ಅಲ್ಲಿಗೇ ಸತ್ತಿತು.

"ಕೈತಪ್ಪಿ ಅಲ್ರಿ" ಅಂದೆ. ನನ್ನ ಧ್ವನಿಯ ಗುರುತು ನನಗೇ ಸಿಗಲಿಲ್ಲ. "ಬಟ್ಟಿ ಕೊಟ್ಟರ ಏನ್ ಅರ್ಥ ಅಂತ ಮಲೀಕಸಾಬ ಎಂದೋ ಹೇಳಿದ್ದ. ಗೊತ್ತಿದ್ದು ಕೊಟ್ಟೀನಿ. ಗಂಟು ಬಿಚ್ಚಾಕ ಬೆರಳು ಬರಲಿಲ್ಲ, ಹಲ್ಲಿಲೇ ಬಿಚ್ಚಿದ್ದೆ. ಬಾಯಿಬಿಟ್ಟು ಕೇಳಾಕ ಧೈರ್ಯ ಸಾಲಲಿಲ್ಲ. ಆಕಿ ಒಲ್ಲೆ ಅಂದಿದ್ರ ಇದು ನಮ್ಮೂರ ಪದ್ಧತಿ ಅಂತ ನಕ್ಕು ಎದ್ದು ಬರಬಹುದಿತ್ತು. ಒಲ್ಲೆ ಅನ್ನಲಿಲ್ಲ ಆಕಿ. ಆ ಮ್ಯಾಲೂ ನನಗ ನಾಚಿಕಿ ಬಿಡಲಿಲ್ಲ. ಹೆದರಿದ್ದೆ ಅಂತ ಹೇಳೂದಕ್ಕಿಂತ ಸಿಕ್ಕಿಬಿದ್ದೆ ಅಂತ ಹೇಳೂದು ಗಂಡಸುತನ ಅನಸ್ತು."

ಹಿಂದಿನಿಂದ ಲುದ್ಯಬಾಯಿ ಮರಾಠಿಯಲ್ಲಿ ಏನೋ ಅಂದಳು. ಮರಾಠಿ ಬಲ್ಲವರೆಲ್ಲ ನಕ್ಕರು. ನಾಸಿಕದಲ್ಲಿ ಬೆಳೆದವಳಿಗೆ ಉಡಿ ತುಂಬುವುದು ಗೊತ್ತಿಲ್ಲವೇ, ಮರ್ಯಾದೆಗೆ ಖಣ ಕೊಡುವವರ ಕೈ ಹಾಗೆ ನಡುಗುವುದಿಲ್ಲ ಎಂದಿದ್ದಳು.

ಅಡ್ಡಿ ಇನ್ನೂ ಉಂಟೇ ಎಂದು ಅಯ್ಯನವರು ಕೇಳಿದರು. ಕಾಕಾ ಸುತ್ತ ನೋಡಿದರು. ನಾನು ಹೇಳಿದೆ, "ಕಾಕಾ, ಪಂಗ್ತಿಗೆ ಹೊಂದೂದಿಲ್ಲ ಅನ್ನೂದಾದ್ರ ಅದನ್ನೂ ಇಲ್ಲೇ ಹೇಳ್ರಿ. ಮದುವಿ ದಿನ ನಮ್ಮ ಅಂಗಳದಾಗ ಒಂದ ಪರಾತ ಇಡ್ತೇನಿ. ಅದರಾಗ ಉಣ್ಣವರು ಬರ್ರಿ, ಒಲ್ಲದವರು ಬಿಡ್ರಿ. ಅಂಥಾ ಸಭಾ ನೋಡ್ಕೊಂಡು ಬಾ ಅಂದಿದ್ರಿ. ನೋಡ್ಕೊಂಡು ಬಂದೀನಿ."

ಅವರು ಕುಳಿತರು. ಛತ್ರಿ ಕೆಳಗೆ ಬಿತ್ತು. ಎತ್ತಿಕೊಡಲು ಯಾರೂ ಏಳಲಿಲ್ಲ.

ತಬಿಥಾ ಇನ್ನೂ ನಿಂತೇ ಇದ್ದಳು. ಸೆರಗನ್ನು ಮುಂದೆ ಹಿಡಿದಳು. "ಹಂಗಾರ ಈಗ ಕೊಡು. ಬಾಯಿಬಿಟ್ಟು ಕೊಡು."

"ತಬಿಥಾ, ನನ್ನ ಮದುವಿ ಆಗ್ತೀಯೇನು?" ಅಂದೆ. ಅದಕ್ಕೆ ಒಂದು ಪದವನ್ನೂ ಹೆಚ್ಚು ಸೇರಿಸಲು ಆಗಲಿಲ್ಲ. ಅವ್ವನ ಮಡಿಲಿನಿಂದ ಖಣ ತೆಗೆದು ಮುಂದೆ ಹಿಡಿದೆ.

"ವಿಚಾರ ಮಾಡ್ತೇನಿ" ಅಂದಳು. ಅಷ್ಟು ಹೊತ್ತಿಗೆ ಖಣ ಅವಳ ಸೆರಗಿನಲ್ಲಿತ್ತು, ತುಟಿಯ ಮೂಲೆ ಮೇಲಕ್ಕೆ ಹೋಗಿತ್ತು.

ಅಯ್ಯನವರು ಹಾಡು ಎತ್ತಿದರು. ಅದೇ ರಾಗ. ಕೊನೆಯ ಚರಣಕ್ಕೆ ಬಂದಾಗ ನಾನು ಹಾಡು ನಿಲ್ಲಿಸಿ ಕಿವಿಗೊಟ್ಟೆ. ಹೆಂಗಸರ ಸಾಲಿನಿಂದ ಅವಳ ಧ್ವನಿ ಬಂತು. ಈ ಸಲ ಬರೀ ಗುನುಗಲ್ಲ, ಪದಪದವೂ ಇತ್ತು. ಮಗ್ಗದ ಕುಣಿಯಲ್ಲಿ ಅವ್ವ ಅದನ್ನೂ ಕಲಿಸಿದ್ದಳು.

ಇಷ್ಟು ಬರೆದು ಮುಗಿಸುವಷ್ಟರಲ್ಲಿ ತಬಿಥಾ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಾಳೆ. ಈಗ ಕನ್ನಡ ಓದಲೂ ಬರುತ್ತದೆ. ಮೊದಲ ಸಾಲಿನ ಮೇಲೆ ಬೆರಳಿಟ್ಟು, ಯಾವ ಸಿಂಹ ಎಂದು ಕೇಳುತ್ತಿದ್ದಾಳೆ.

ಆಯಿತು. ಅದು ಇವಳ ಮನೆಯ ಅಂಗಳದ ಹಳದಿ ನಾಯಿ. ಯಾವುದಕ್ಕೂ ಹೆಸರು ಕೊಡಲಿಲ್ಲ. ನಾನು ಹಾಡುವಾಗ ಎದ್ದು ಓಡಿಹೋಗಲಿಲ್ಲ, ಖರೆ ಅಂದರೆ ಅಷ್ಟೇ.